ಎಚ್‌ಎಂಟಿ ಪೈಲಟ್: ಹದಿಮೂರು ವರ್ಷ ಕೈಗೆ ಕಟ್ಟಿಕೊಂಡ ಮೇಲೆ

ನನ್ನ ವಾಚು ದಿನಕ್ಕೆ ಹನ್ನೆರಡು ಸೆಕೆಂಡು ಮುಂದೆ ಓಡುತ್ತಿತ್ತು. ಒಂದು ದಿನ ಹತ್ತು, ಇನ್ನೊಂದು ದಿನ ಹದಿನಾಲ್ಕು, ಆದರೆ ವರ್ಷಗಟ್ಟಲೆ ಆಚೀಚೆ ಅಷ್ಟೇ. "ಫೋನಲ್ಲೇ ಟೈಮ್ ಇರುವಾಗ ವಾಚ್ ಯಾಕೆ ಮಿಸ್?" ಎಂದು ಪ್ರತಿ ವರ್ಷವೂ ಎಂಟನೇ ತರಗತಿಯ ಯಾರಾದರೂ ಒಬ್ಬರು ಕೇಳುತ್ತಾರೆ. ನನ್ನ ಉತ್ತರ ಆ ಹನ್ನೆರಡು ಸೆಕೆಂಡಿನಲ್ಲೇ ಇರುವುದರಿಂದ ಈ ವಿಮರ್ಶೆಯನ್ನೂ ಅಲ್ಲಿಂದಲೇ ಶುರುಮಾಡಿದೆ.

ಇದು ಎಚ್‌ಎಂಟಿ ಪೈಲಟ್. ಕೀ ಕೊಡುವ ವಾಚು, ಒಳಗೆ ಬ್ಯಾಟರಿ ಇಲ್ಲ. 2012ರಲ್ಲಿ ತರಬೇತಿಗೆಂದು ಬೆಂಗಳೂರಿಗೆ ಹೋದಾಗ ಕೊಂಡೆ, ಸಾವಿರ ರೂಪಾಯಿಯೊಳಗೇ ಬಂತು. ಮಳಿಗೆಯವರು ಮೊದಲು ತೋರಿಸಿದ್ದು ಹೆಂಗಸರ ವಾಚುಗಳನ್ನು. ಚೆನ್ನಾಗಿದ್ದವು, ಆದರೆ ಡಯಲ್ ಹುಣಸೆ ಬೀಜದಷ್ಟು. ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವಳು. ಲೋಲಕ ತೂಗಾಡಿಸಿ ಇಪ್ಪತ್ತು ಆಂದೋಲನ ಎಣಿಸುವಾಗ, ಮಕ್ಕಳಿಗೆ ನಾಡಿ ಹಿಡಿದು ಎಣಿಸಲು ಕಲಿಸುವಾಗ, ಸೆಕೆಂಡಿನ ಮುಳ್ಳು ಕಣ್ಣಿಗೆ ಹೊಡೆದ ಹಾಗೆ ಕಾಣಬೇಕು. ಪೈಲಟ್‌ನ ಕಪ್ಪು ಡಯಲ್, ದಪ್ಪ ಅಂಕಿ, ನಡುವಿನಿಂದ ಹೊರಟು ಅಂಚಿನವರೆಗೂ ತಲುಪುವ ಸೆಕೆಂಡಿನ ಮುಳ್ಳು ಮೊದಲ ನೋಟಕ್ಕೇ ಹಿಡಿಸಿತು. ಗಂಡಸರ ವಾಚಾದರೂ ಅಗಲ ಮೂರೂವರೆ ಸೆಂಟಿಮೀಟರ್ ಮಾತ್ರ, ನನ್ನ ಮಣಿಕಟ್ಟಿಗೆ ಹೆಚ್ಚೆನಿಸಲಿಲ್ಲ. ಎಡಗೈಗೆ ವಾಚು, ಬಲಗೈಗೆ ಬಳೆ, ಅವತ್ತಿನಿಂದ ಹಾಗೇ.

ತುಮಕೂರಿನವರಿಗೆ ಎಚ್‌ಎಂಟಿ ಬಗ್ಗೆ ಹೇಳಿಕೊಡಬೇಕಾದ್ದಿಲ್ಲ. ಹೊರಗಿನವರಿಗಾಗಿ ಒಂದೆರಡು ಮಾತು. ಬೆಂಗಳೂರಿನ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಶುರುವಾದದ್ದು 1953ರಲ್ಲಿ. ಅದು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ತಾಂತ್ರಿಕ ನೆರವಿನಿಂದ ಕೈಗಡಿಯಾರ ಮಾಡತೊಡಗಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದ್ದು ಪ್ರಧಾನಿ ನೆಹರೂ. 1970ರ ದಶಕದ ಕೊನೆಗೆ ತುಮಕೂರಿಗೂ ಕಾರ್ಖಾನೆ ಬಂತು. ಮದುವೆಯಲ್ಲಿ ಅಳಿಯನಿಗೆ, ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ, ನಿವೃತ್ತರಾಗುವ ಗುಮಾಸ್ತರಿಗೆ ಎಚ್‌ಎಂಟಿಯೇ ಉಡುಗೊರೆ. 1984ರಲ್ಲಿ ಟೈಟಾನ್ ಬಂದ ಮೇಲೆ ಬ್ಯಾಟರಿಯಲ್ಲಿ ಓಡುವ ಕ್ವಾರ್ಟ್ಜ್ ವಾಚುಗಳ ಕಾಲ. ಕೇಂದ್ರ ಸರ್ಕಾರ 2016ರಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿತು. ತುಮಕೂರು ಕಾರ್ಖಾನೆಯ ಜಾಗ ಈಗ ಇಸ್ರೋಗೆ ಸೇರಿದೆ.

ಆ ಕಾರ್ಖಾನೆಯಲ್ಲಿ ಬಿಡಿಭಾಗ ಜೋಡಿಸುವ ಸಾಲಿನಲ್ಲಿ ಕೂತು ನಿವೃತ್ತರಾದ ಅಮ್ಮ ಒಬ್ಬರು ನಮ್ಮ ಬೀದಿಯಲ್ಲೇ ಇದ್ದಾರೆ. ವಾಚು ಕೊಂಡ ವರ್ಷ ಅದನ್ನು ಅವರ ಕೈಗೆ ಕೊಟ್ಟೆ. ಕಿವಿಯ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಚೆನ್ನಾಗಿ ಬಡ್ಕೊತಾ ಐತೆ ಕಣವ್ವ. ದಿನಕ್ಕೆ ಎಷ್ಟು ಓಡ್ತದೆ?" ಎಂದರು. ಮುಂದೆ ಓಡುತ್ತದೆ ಅಂತ ಗೊತ್ತು, ಎಷ್ಟು ಅಂತ ನೋಡಿಲ್ಲ ಅಂದೆ. "ಸರಿ, ರಾತ್ರಿ ಹೆಂಗೆ ಮಲಗಿಸ್ತೀಯ ಅದನ್ನ?"

ಆ ಪ್ರಶ್ನೆ ನನಗೆ ಅರ್ಥವೇ ಆಗಲಿಲ್ಲ. ಮೇಜಿನ ಮೇಲೆ ಬಿಚ್ಚಿಡುತ್ತೇನೆ ಅಂದೆ. ಮುಖ ಮೇಲಾಗಿಯೋ, ಮಗ್ಗುಲಾಗಿಯೋ ಎಂದು ಮತ್ತೆ ಕೇಳಿದರು. ಆಮೇಲೆ ತಾವೇ ಬಿಡಿಸಿ ಹೇಳಿದರು. ವಾಚಿನೊಳಗೆ ಬ್ಯಾಲೆನ್ಸ್ ಎಂಬ ಪುಟ್ಟ ಚಕ್ರ ಅತ್ತಿತ್ತ ತಿರುಗುತ್ತಿರುತ್ತದೆ, ಹೊತ್ತು ಅಳೆಯುವುದು ಅದೇ. ಡಯಲ್ ಮೇಲ್ಮುಖವಾಗಿದ್ದರೆ ಚಕ್ರದ ಕಡ್ಡಿ ತನ್ನ ಚೂಪು ತುದಿಯ ಮೇಲೆ ನಿಂತು ಬುಗುರಿಯ ಹಾಗೆ ಸಲೀಸಾಗಿ ತಿರುಗುತ್ತದೆ. ಮಗ್ಗುಲಾಗಿಸಿದರೆ ಕಡ್ಡಿಯ ಪಕ್ಕ ಉಜ್ಜುತ್ತದೆ, ತೂಗಾಟ ಕಿರಿದಾಗುತ್ತದೆ, ಓಟವೂ ಬದಲಾಗುತ್ತದೆ. ಯಾವ ಭಂಗಿಯಲ್ಲಿ ಎಷ್ಟು ಅನ್ನುವುದು ಒಂದೊಂದು ವಾಚಿಗೂ ಬೇರೆ. ಅದನ್ನು ಕಂಡುಕೊಂಡರೆ ಹಗಲು ಕೈಮೇಲೆ ಆದ ತಪ್ಪನ್ನು ರಾತ್ರಿ ಮಲಗಿಸುವ ರೀತಿಯಲ್ಲೇ ತಿದ್ದಬಹುದು.

ಮಾರನೆಯ ದಿನವೇ ಒಂದು ನೂರು ಪುಟದ ನೋಟ್‌ಬುಕ್ ತೆಗೆದೆ. ಬೆಳಿಗ್ಗೆ ರೇಡಿಯೋ ವಾರ್ತೆಗೆ ಮುಂಚೆ ಬರುವ ಬೀಪ್ ಸದ್ದಿಗೆ ವಾಚು ನೋಡುವುದು, ಎಷ್ಟು ಮುಂದೆ ಎಂದು ಬರೆಯುವುದು, ಆಮೇಲೆ ಕೀ ಕೊಡುವುದು. (ಫೋನಿನ ಆ್ಯಪ್‌ನಲ್ಲಿ ಆಕಾಶವಾಣಿ ಕೇಳಿದರೆ ಈ ಲೆಕ್ಕ ಕೆಡುತ್ತದೆ, ಅಂತರ್ಜಾಲದಲ್ಲಿ ಬರುವ ದನಿ ತಡವಾಗಿ ತಲುಪುತ್ತದೆ. ರೇಡಿಯೋ ಪೆಟ್ಟಿಗೆಯೇ ಆಗಬೇಕು.) ಮೂರು ತಿಂಗಳಲ್ಲಿ ನನ್ನ ವಾಚಿನ ಜಾತಕ ಸಿಕ್ಕಿತು. ಮುಖ ಮೇಲಾಗಿ ಮಲಗಿಸಿದರೆ ಒಟ್ಟು ಹನ್ನೆರಡು ಸೆಕೆಂಡು ಮುಂದೆ. ಕೀ ಕೆಳಮುಖವಾಗುವಂತೆ ಲೋಟಕ್ಕೆ ಆನಿಸಿ ನಿಲ್ಲಿಸಿದರೆ ನಾಲ್ಕೈದು ಸೆಕೆಂಡು ಮಾತ್ರ. ಹೊತ್ತಿಗೆ ಸರಿಯಾಗಿ ಕೀ ಕೊಡುವುದೂ ಮುಖ್ಯ. ಕೀ ಕೊಟ್ಟಾಗ ಸುತ್ತಿಕೊಳ್ಳುವ ಸ್ಪ್ರಿಂಗ್ ಬಿಗಿಯಾಗಿದ್ದಾಗಿನ ಓಟ ಬೇರೆ, ಸಡಿಲವಾದಾಗಿನ ಓಟ ಬೇರೆ. ದಿನಾ ಒಂದೇ ಹೊತ್ತಿಗೆ ಕೀ ಕೊಟ್ಟರೆ ಆ ವ್ಯತ್ಯಾಸವೂ ದಿನಾ ಒಂದೇ ಆಗಿ ಲೆಕ್ಕಕ್ಕೆ ಸಿಗುತ್ತದೆ. ಪೂರ್ತಿ ಕೀ ಕೊಟ್ಟರೆ ನನ್ನದು ಒಂದೂವರೆ ದಿನ ದಾಟಿ ಓಡುತ್ತದೆ. ಬೆರಳಿಗೆ ತಡೆ ಸಿಕ್ಕ ಕೂಡಲೇ ನಿಲ್ಲಿಸಬೇಕು, ಅಷ್ಟೇ.

ಈ ಲೆಕ್ಕ ತರಗತಿಗೂ ಹೋಯಿತು. ಈ ಯಂತ್ರದಲ್ಲಿ ಬ್ಯಾಲೆನ್ಸ್ ಸೆಕೆಂಡಿಗೆ ಐದು ಸಲ ಬಡಿಯುತ್ತದೆ, ಗಂಟೆಗೆ 18,000, ದಿನಕ್ಕೆ 4,32,000. ಹನ್ನೆರಡು ಸೆಕೆಂಡು ತಪ್ಪೆಂದರೆ ಏಳು ಸಾವಿರಕ್ಕೆ ಒಂದರಷ್ಟು. ಇದನ್ನು ಭಾಗಾಕಾರ ಮಾಡಿ ತೋರಿಸಿದ ದಿನ ಒಬ್ಬ ಹುಡುಗ, "ಮಿಸ್, ನಾನು ಏಳು ಸಾವಿರ ಲೆಕ್ಕ ಮಾಡಿ ಒಂದೇ ತಪ್ಪು ಮಾಡಿದ್ರೆ ನೀವು ನಂಗೆ ನೂರಕ್ಕೆ ನೂರು ಕೊಡ್ತಿದ್ರಿ" ಅಂದ. ನಿಜವೇ. ಕ್ವಾರ್ಟ್ಜ್ ವಾಚಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದನ್ನು ಹದಿನೈದು ಸಲ ಅರ್ಧ ಮಾಡುತ್ತಾ ಹೋದರೆ ಸರಿಯಾಗಿ ಒಂದು ಉಳಿಯುತ್ತದೆ, ಅಂದರೆ ಸೆಕೆಂಡಿಗೆ ಒಂದು ಬಡಿತ. ಹರಳು ಅಷ್ಟು ವೇಗವಾಗಿ, ಸಮನಾಗಿ ಕಂಪಿಸುವುದರಿಂದಲೇ ಸಾಧಾರಣ ಬ್ಯಾಟರಿ ವಾಚೂ ತಿಂಗಳಿಗೆ ಹದಿನೈದು ಸೆಕೆಂಡಿನಷ್ಟು ಮಾತ್ರ ತಪ್ಪುತ್ತದೆ. ನನ್ನ ಪೈಲಟ್ ಒಂದೂಕಾಲು ದಿನದಲ್ಲೇ ಅಷ್ಟು ತಪ್ಪುತ್ತಿತ್ತು. ನಿಖರತೆಯೊಂದೇ ಬೇಕಾದವರು ಬ್ಯಾಟರಿ ವಾಚನ್ನೇ ಕೊಳ್ಳಿ. ಈ ವಿಷಯದಲ್ಲಿ ನನಗೆ ಎರಡನೆಯ ಮಾತಿಲ್ಲ.

ಹಾಗಿದ್ದೂ ನಾನು ಇದನ್ನೇ ನಂಬುತ್ತೇನೆ. ಫೋನು ತೋರಿಸುವ ಹೊತ್ತು ಸರಿಯಾದದ್ದೇ, ಆದರೆ ಎಲ್ಲೋ ದೂರದಿಂದ ಬರುತ್ತದೆ, ಒಪ್ಪಿಕೊಳ್ಳುವುದಷ್ಟೇ ನನ್ನ ಕೆಲಸ. ಈ ವಾಚು ಎಷ್ಟು ತಪ್ಪುತ್ತದೆ, ಯಾವಾಗ, ಯಾಕೆ, ಎಲ್ಲ ನನಗೆ ಗೊತ್ತು. ಪರೀಕ್ಷೆಯ ಕೊಠಡಿ ಮೇಲ್ವಿಚಾರಣೆಗೆ ಹೋದಾಗ ಫೋನು ಹೊರಗೆ ಒಪ್ಪಿಸಿ ಬರಬೇಕು. ಮೂರು ಗಂಟೆಯ ಪರೀಕ್ಷೆಯಲ್ಲಿ ನನ್ನ ವಾಚು ತಪ್ಪುತ್ತಿದ್ದದ್ದು ಒಂದೂವರೆ ಸೆಕೆಂಡು. "ಇನ್ನು ಹತ್ತು ನಿಮಿಷ ಇದೆ, ಗಾಬರಿ ಬೇಡ, ಬರೀರಿ" ಎಂದು ಮಕ್ಕಳಿಗೆ ಹೇಳುವಾಗ ಆ ಮಾತಿನ ಹಿಂದೆ ವರ್ಷಗಳ ಬರಹವಿದೆ. ನೀಟ್‌ನಂಥ ಪರೀಕ್ಷೆಗಳಲ್ಲಿ ಮಕ್ಕಳು ಯಾವ ವಾಚನ್ನೂ ಕಟ್ಟಿಕೊಂಡು ಹೋಗುವಂತಿಲ್ಲ, ಗೋಡೆ ಗಡಿಯಾರವೇ ಗತಿ. ಹಾಗಾಗಿ ಹೊತ್ತನ್ನು ನೋಡದೆಯೂ ಅಂದಾಜು ಮಾಡುವುದನ್ನು ನಮ್ಮ ಮಕ್ಕಳಿಗೆ ಈ ವಾಚಿಟ್ಟುಕೊಂಡು ಅಭ್ಯಾಸ ಮಾಡಿಸುತ್ತೇನೆ. ಕಣ್ಣು ಮುಚ್ಚಿ, ಒಂದು ನಿಮಿಷ ಆಯಿತು ಅನ್ನಿಸಿದಾಗ ಕೈ ಎತ್ತುವುದು. ಮೊದಲ ದಿನ ಹೆಚ್ಚಿನವರು ನಲವತ್ತು ಸೆಕೆಂಡಿಗೇ ಎತ್ತುತ್ತಾರೆ.

ನಾನೇ ಕೆಡಿಸಿದ ಕಥೆಯನ್ನೂ ಹೇಳಬೇಕು. 2017ರಲ್ಲಿ ಒಂದು ಬೆಳಿಗ್ಗೆ ನೋಡಿದರೆ ವಾಚು ಏಳು ನಿಮಿಷ ಮುಂದಿತ್ತು. ಎದೆ ಧಸಕ್ಕೆಂದಿತು. ನೋಟ್‌ಬುಕ್ ಇದ್ದದ್ದರಿಂದ ಹಿಂದಿನ ದಿನದವರೆಗೂ ಎಲ್ಲ ಸರಿಯಿತ್ತೆಂದು ತಿಳಿಯಿತು. ಹಾಗಾದರೆ ನಿನ್ನೆ ಏನಾಯಿತು? ಆಮ್ಲ ಮುಟ್ಟುವ ಪ್ರಯೋಗವಿತ್ತು, ವಾಚು ಬಿಚ್ಚಿ ಲ್ಯಾಬಿನ ಡ್ರಾಯರ್‌ನಲ್ಲಿಟ್ಟಿದ್ದೆ. ಅದೇ ಡ್ರಾಯರ್‌ನಲ್ಲಿ ದಂಡಕಾಂತಗಳೂ ಇದ್ದವು. ಬ್ಯಾಲೆನ್ಸ್ ಚಕ್ರವನ್ನು ಅತ್ತಿತ್ತ ತೂಗಿಸುವ ಕೂದಲೆಳೆಯಂಥ ಸುರುಳಿ, ಅಂದರೆ ಹೇರ್ ಸ್ಪ್ರಿಂಗ್‌ಗೆ ಕಾಂತತೆ ಹತ್ತಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ಸ್ಪ್ರಿಂಗ್ ಗಿಡ್ಡವಾದಂತಾಗುತ್ತದೆ, ಆಗ ಓಟ ಹೆಚ್ಚುತ್ತದೆ. ಪರೀಕ್ಷಿಸಲು ಲ್ಯಾಬಿನ ದಿಕ್ಸೂಚಿಯ ಮೇಲೆ ವಾಚು ಹಿಡಿದೆ, ಅದರ ಮುಳ್ಳು ನಡುಗಿತು. ನಾನು ಹೋಗುವ ವಾಚು ರಿಪೇರಿ ಅಂಗಡಿಯ ಅಜ್ಜ ಒಂದು ಪುಟ್ಟ ವಿದ್ಯುತ್ ಸುರುಳಿಯ ಪೆಟ್ಟಿಗೆಯ ಮೇಲೆ ವಾಚಿಟ್ಟು ಮೆಲ್ಲನೆ ಮೇಲೆತ್ತಿದರು. ಅರ್ಧ ನಿಮಿಷದ ಕೆಲಸ, ಕಾಸೂ ತೆಗೆದುಕೊಳ್ಳಲಿಲ್ಲ. ಅಯಸ್ಕಾಂತದ ಗುಂಡಿಯಿರುವ ಪರ್ಸು, ಫೋನಿನ ಕವರು, ಸ್ಪೀಕರು, ಇವುಗಳಿಂದ ಕೀ ವಾಚನ್ನು ದೂರವಿಡಿ.

ನೀರಿನಿಂದಲೂ. ಒಮ್ಮೆ ಮರೆತು ಪಾತ್ರೆ ತೊಳೆದೆ, ಗಾಜಿನೊಳಗೆ ಆವಿ ಕೂತಿತು. ತೆಗೆಸಿ ಒಣಗಿಸಲು ಅವತ್ತೇ ಓಡಿದೆ. ಗಾಜಿನ ಗೀರುಗಳಿಗೆ ಹೆದರಬೇಕಿಲ್ಲ, ಅದು ಅಕ್ರಿಲಿಕ್, ಟೂತ್‌ಪೇಸ್ಟ್ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತವೆ. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಎಣ್ಣೆ ಬಿಡಿಸಬೇಕು. ಮೊದಲ ಸಲ 350 ರೂಪಾಯಿ ಕೊಟ್ಟಿದ್ದೆ, ಕಳೆದ ಸಲ 600.

ಅಣ್ಣನ ಮಗ 2020ರಲ್ಲಿ ಒಂದು ಸ್ಮಾರ್ಟ್‌ವಾಚ್ ಕೊಟ್ಟ. ಏಳು ತಿಂಗಳು ಕಟ್ಟಿದೆ. ಹೆಜ್ಜೆ, ನಿದ್ದೆ, ಎದೆಬಡಿತ ಎಲ್ಲ ಹೇಳುತ್ತದೆ, ಒಳ್ಳೆಯ ವಸ್ತು. ಆದರೆ ಪಾಠದ ನಡುವೆ ಮಣಿಕಟ್ಟು ಗುರ್ ಅಂದಾಗ ನನ್ನ ಕಣ್ಣು ಅತ್ತ ಹೋಗುತ್ತಿತ್ತು, ನನ್ನ ಹಿಂದೆಯೇ ನಲವತ್ತು ಜೋಡಿ ಕಣ್ಣು. ಸಕ್ಕರೆ ಕಾಯಿಲೆಯಿರುವ ನಮ್ಮ ಯಜಮಾನರು ಈಗ ಅದನ್ನು ಕಟ್ಟಿಕೊಂಡು ದಿನಾ ಕೆರೆ ಏರಿಯ ಮೇಲೆ ನಡೆಯುತ್ತಾರೆ. ಅವರಿಗೆ ಅದು ನಿಜವಾಗಿ ಉಪಯೋಗಕ್ಕೆ ಬಂದಿದೆ.

ಈಗ ಹಳೆಯ ಪೈಲಟ್ ಕೊಳ್ಳಬೇಕೆನ್ನುವವರಿಗೆ ಒಂದು ಮಾತು. ಆನ್‌ಲೈನಿನಲ್ಲಿ ಕೆಂಪು, ಹಸಿರು, ನವಿಲು ಬಣ್ಣದ ಹೊಳೆಯುವ ಡಯಲ್‌ಗಳು ಕಂಡರೆ ಅನುಮಾನಪಡಿ. ಹಳೆಯ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲ್ ಕೂರಿಸಿ ಮಾರುವವರಿದ್ದಾರೆ. ಗೆಳತಿಯೊಬ್ಬಳು ಹಾಗೆ ತರಿಸಿದ ವಾಚಿನಲ್ಲಿ ಅಂಕಿಗಳೇ ಸೊಟ್ಟ, ಒಳಗಿನ ಎಣ್ಣೆ ಒಣಗಿ ಅಂಟಾಗಿತ್ತು. ಡಯಲ್ ಮಾಸಿದ್ದರೂ ಚಿಂತೆಯಿಲ್ಲ, ಹಿಂಬದಿ ಬಿಚ್ಚಿ ಯಂತ್ರದ ಫೋಟೋ ಕಳಿಸುವವರಿಂದಲೇ ಕೊಳ್ಳಿ. ತುಕ್ಕು ಕಂಡರೆ ಬೇಡ. ಎಲ್ಲಕ್ಕಿಂತ ಮೊದಲು ನಿಮ್ಮೂರಿನಲ್ಲಿ ಕೀ ವಾಚು ಬಿಚ್ಚಬಲ್ಲವರು ಇದ್ದಾರೆಯೇ ನೋಡಿ, ಆಮೇಲೆ ವಾಚು ಹುಡುಕಿ.

ಈ ಕೊನೆಯ ಮಾತಿನ ಬೆಲೆ ನನಗೆ ತಿಳಿದದ್ದು ಕಳೆದ ನವೆಂಬರಿನಲ್ಲಿ. ಸ್ಟಾಫ್ ರೂಮಿನಲ್ಲಿ ಪಟ್ಟಿ ಬಿಚ್ಚುವಾಗ ಕೈಜಾರಿ ಸಿಮೆಂಟ್ ನೆಲಕ್ಕೆ ಬಿತ್ತು. ಸೆಕೆಂಡಿನ ಮುಳ್ಳು ಅಲ್ಲೇ ನಿಂತಿತು. ಅಜ್ಜನ ಅಂಗಡಿ ಅವತ್ತು ಮುಚ್ಚಿತ್ತೆಂದು ಬೇರೆ ಅಂಗಡಿಗೆ ಹೋದೆ. "ಇದನ್ನೆಲ್ಲ ಯಾರು ಮಾಡ್ತಾರೆ ಮೇಡಂ, ಒಳಗೆ ಬ್ಯಾಟರಿ ಮೆಷಿನ್ ಕೂರಿಸಿ ಕೊಡ್ತೀನಿ, ಹೊರಗಿಂದ ಯಾರಿಗೂ ಗೊತ್ತಾಗಲ್ಲ" ಎಂದರು. ನನಗೆ ಗೊತ್ತಾಗುತ್ತದಲ್ಲ. ವಾಪಸು ತಂದೆ.

ಮೂರು ದಿನದ ಮೇಲೆ ಅಜ್ಜ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿ, ಬ್ಯಾಲೆನ್ಸ್ ಕಡ್ಡಿಯ ತುದಿ ಮುರಿದಿದೆ ಎಂದರು. ಕೂದಲೆಳೆಯಷ್ಟು ಸಣ್ಣ ತುದಿ. ಹೊಸ ಭಾಗ ಎಲ್ಲೂ ಸಿಗುವುದಿಲ್ಲ. ಅವರ ಮೇಜಿನ ಕೆಳಗೊಂದು ಬಿಸ್ಕತ್ತಿನ ಡಬ್ಬ, ಅದರ ತುಂಬ ಯಾರೂ ವಾಪಸು ಕೇಳದ ವಾಚುಗಳು. ಅದರಿಂದ ಡಯಲ್ ಹಾಳಾದ ಒಂದು ಪೈಲಟ್ ತೆಗೆದು, "ಇದನ್ನ ಪೂರ್ತಿ ತಗೊಂಬಿಡಿ ತಾಯಿ. ಈಗ ಬ್ಯಾಲೆನ್ಸ್ ಹಾಕ್ತೀನಿ, ಮಿಕ್ಕಿದ್ದು ಮುಂದಕ್ಕಾಗ್ತದೆ" ಎಂದರು. ಎಂಟುನೂರು ಕೊಟ್ಟೆ. ಉಳಿದ ಭಾಗಗಳು ಒಂದು ಮದುವೆ ಕರೆಯೋಲೆಯ ಲಕೋಟೆಯಲ್ಲಿ ನನ್ನ ಬೀರುವಿನಲ್ಲಿವೆ.

ಹೊಸ ಬ್ಯಾಲೆನ್ಸ್ ಬಂದ ಮೇಲೆ ಹಳೆಯ ಲೆಕ್ಕವೆಲ್ಲ ಅಳಿಸಿಹೋಯಿತು. ಈಗ ಈ ವಾಚು ಹಿಂದೆ ಬೀಳುತ್ತದೆ, ಮುಖ ಮೇಲಾಗಿ ಮಲಗಿಸಿದರೆ ದಿನಕ್ಕೆ ಏಳು ಸೆಕೆಂಡು. ಕೀ ಕೆಳಮುಖವಾಗಿಟ್ಟರೆ ಇನ್ನೂ ಹೆಚ್ಚು, ಮೇಲ್ಮುಖವಾಗಿಟ್ಟರೆ ಎರಡೋ ಮೂರೋ. ಬೇಸಿಗೆಯಲ್ಲಿ ಬರೆದದ್ದು ಮಳೆಗಾಲದಲ್ಲಿ ಹೊಂದುತ್ತಿಲ್ಲ. ನೋಟ್‌ಬುಕ್ಕಿನಲ್ಲಿ ಒಂದು ಹಾಳೆ ಖಾಲಿ ಬಿಟ್ಟು, ತಲೆಬರಹದಲ್ಲಿ ತಾರೀಖು ಹಾಕಿ, ಮೊದಲಿಂದ ಶುರುಮಾಡಿದ್ದೇನೆ. ಬೀದಿಯ ಆ ಅಮ್ಮನಿಗೆ ಹೇಳಿದಾಗ ಮತ್ತೆ ಕಿವಿಗೆ ಹಿಡಿದು ಕೇಳಿದರು. ಸದ್ದು ಬದಲಾಗಿದೆ ಎಂದರು. ನನ್ನ ಕಿವಿಗಿನ್ನೂ ಆ ವ್ಯತ್ಯಾಸ ಸಿಕ್ಕಿಲ್ಲ.