ಯುನೊ ತದ್ರೂಪಿ ಬೋರ್ಡ್: ಮೂರು ವರ್ಷ, ಒಂದು ಹಳೆಯ ಟಿವಿ, ಹಾರುವ ಚಿತ್ರ

ಈ ವಿಮರ್ಶೆಯನ್ನು ಕೊಂಡ ನಾಲ್ಕನೇ ತಿಂಗಳಲ್ಲಿ ಬರೆದಿದ್ದರೆ ಒಂದೇ ನಕ್ಷತ್ರ ಕೊಟ್ಟು, ಅದೂ ಹೆಚ್ಚಾಯಿತು ಎನ್ನುತ್ತಿದ್ದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಐನೂರು ರೂಪಾಯಿಯೊಳಗೆ ಸಿಕ್ಕ ಆರ್ಡುಯಿನೊ ಯುನೊ (ಪ್ರೋಗ್ರಾಂ ತುಂಬಿ ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್) ತದ್ರೂಪಿ ಇದು. ತಯಾರಿಸಿದವರ ಹೆಸರು ಬೋರ್ಡಿನ ಮೇಲೂ ಇಲ್ಲ, ಪೊಟ್ಟಣದ ಮೇಲೂ ಇಲ್ಲ. ಎಷ್ಟು ಪಿನ್, ಎಷ್ಟು ಮೆಮೊರಿ ಎಂಬುದೆಲ್ಲ ಓದುವವರಿಗೆ ಗೊತ್ತಿರುತ್ತದೆ. ನನ್ನ ಬೋರ್ಡ್ ಮಾಡುವ ಕೆಲಸ ಒಂದೇ: ಊರಿನ ಮನೆಯ ಹಳೆಯ ಟಿವಿಯಲ್ಲಿ ಶಾಖ, ತೇವ ಎರಡರ ಅಂಕಿ ತೋರಿಸುವುದು.

ಊರು ಶಿಡ್ಲಘಟ್ಟದ ಕಡೆ. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಚಾಕಿ ಹುಳುವಿಗೆ, ಅಂದರೆ ಎಳೆಯ ಮರಿಗೆ, 27–28 ಡಿಗ್ರಿ ಶಾಖ, ಶೇ 85–90 ತೇವ ಬೇಕು. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಕಳೆದು ಎದ್ದ ಹುಳುವಿಗೆ 23–24 ಡಿಗ್ರಿ, ಶೇ 65–70 ಇದ್ದರೆ ಚೆನ್ನ. ಅಮ್ಮ ರಾತ್ರಿ ಹತ್ತಕ್ಕೆ ಸೊಪ್ಪು ಹಾಕಿ, ಕನ್ನಡಕ ಹುಡುಕಿ, ಟಾರ್ಚ್ ಹಿಡಿದು ಗೋಡೆಯ ಒಣ–ಒದ್ದೆ ಬಲ್ಬಿನ ಉಷ್ಣಮಾಪಕ ಓದುತ್ತಿದ್ದರು. ಬೆಳಗಿನ ಐದಕ್ಕೆ ಮತ್ತೆ ಅದೇ. ಅಂಗೈ ಅಗಲದ ಪರದೆ ತಂದುಕೊಟ್ಟರೂ ಅದಕ್ಕೆ ಕನ್ನಡಕ ಬೇಕೇ ಬೇಕು. ಅಟ್ಟದ ಮೇಲೆ 21 ಇಂಚಿನ ಪಿಕ್ಚರ್ ಟ್ಯೂಬ್ ಟಿವಿ ಧೂಳು ತಿನ್ನುತ್ತಿತ್ತು. ಅದನ್ನು ಪಡಸಾಲೆಗೆ ಇಳಿಸಿದರೆ ಅಂಗಳದಿಂದಲೇ ಅಂಕಿ ಕಾಣುತ್ತದಲ್ಲ ಎಂದು ಹೊಳೆಯಿತು.

ಬೇಕಾದದ್ದು ಎರಡೇ ರೆಸಿಸ್ಟರ್. ಟಿವಿಔಟ್ ಎಂಬ ಲೈಬ್ರರಿಯಲ್ಲಿ (ಯಾರೋ ಬರೆದಿಟ್ಟ ಸಿದ್ಧ ಕೋಡ್) ಯುನೊದ 9ನೇ ಪಿನ್ನಿಗೆ ಒಂದು ಕಿಲೋಓಮ್, 7ನೇ ಪಿನ್ನಿಗೆ 470 ಓಮ್. ಎರಡರ ಇನ್ನೊಂದು ತುದಿ ಸೇರಿ ಟಿವಿಯ ವಿಡಿಯೊ ಕೇಬಲಿನ ಹಳದಿ ಪಿನ್ನಿನ ನಡುವಿಗೆ, ಗ್ರೌಂಡ್ ಅದರ ಹೊರಬಳೆಗೆ. ಟಿವಿಯ ಒಳಗಿನ 75 ಓಮ್ ಜೊತೆ ಸೇರಿದಾಗ ಕಪ್ಪಿಗೆ ಸುಮಾರು 0.3 ವೋಲ್ಟ್, ಬಿಳಿಗೆ 0.95 ವೋಲ್ಟ್ ಬರುತ್ತದೆ. ಸೊನ್ನೆಗೆ ಇಳಿದರೆ ಅದು ಸಿಂಕ್, ಸಾಲು ಎಲ್ಲಿ ಶುರು, ಚಿತ್ರ ಎಲ್ಲಿ ಮುಗಿಯಿತು ಎಂದು ಟಿವಿಗೆ ಹೇಳುವ ಗುರುತು. ನಾನು ಮೊದಲ ದಿನ ಕಂದು–ಕಪ್ಪು–ಕೆಂಪು ಯಾವುದು, ಹಳದಿ–ನೇರಳೆ–ಕಂದು ಯಾವುದು ಎಂದು ನೋಡದೆ ಅದಲುಬದಲು ಹಾಕಿದ್ದೆ. ಕಪ್ಪು ಇರಬೇಕಾದ ಕಡೆ ಬೂದಿ ಬಳಿದಂತೆ ಚಿತ್ರ ಪೇಲವವಾಗಿತ್ತು. ಆದರೆ ಅಲುಗಾಡಲಿಲ್ಲ. ಸರಿಪಡಿಸಿದೆ, ಅಂಕಿ ಅಚ್ಚುಕಟ್ಟಾಗಿ ಬಂತು. ಶಾಖ, ತೇವ ಅಳೆಯುವ ಡಿಎಚ್‌ಟಿ22 ಸೆನ್ಸರ್ ಜೋಡಿಸಿದೆ ನೋಡಿ, ಚಿತ್ರ ಹಾರತೊಡಗಿತು.

ಹಾರುವುದು ಎಂದರೆ, ಇಡೀ ಪರದೆ ಒಮ್ಮೆ ಮೇಲಕ್ಕೆ ಜಿಗಿದು, ಮೇಲಿನ ಅಂಚು ಬಾಗಿ, ಮತ್ತೆ ಬಂದು ಕೂರುವುದು. ನಾಲ್ಕು ತಿಂಗಳು ಇದರ ಹಿಂದೆ ಬಿದ್ದೆ. ತಂತಿ ಸಡಿಲವೆಂದು ಬ್ರೆಡ್‌ಬೋರ್ಡ್ ಬಿಟ್ಟು ಬೆಸುಗೆ ಹಾಕಿದೆ. ಮೊಬೈಲ್ ಚಾರ್ಜರ್ ಬದಲು ಒಳ್ಳೆಯ ಅಡಾಪ್ಟರ್ ತಂದೆ. ಪರದೆಯಲ್ಲಿ ನಿಧಾನವಾಗಿ ಏರುತ್ತಿದ್ದ ಮಸುಕು ಪಟ್ಟಿಗಳು ಹೋದವು, ಜಿಗಿತ ಹೋಗಲಿಲ್ಲ. ಎನ್‌ಟಿಎಸ್‌ಸಿ (ಅಮೆರಿಕದ ಟಿವಿ ಪದ್ಧತಿ) ಉದಾಹರಣೆಯನ್ನು ಹಾಗೇ ನಕಲು ಮಾಡಿದ್ದೇನೇನೋ ಎಂದು ನೋಡಿದರೆ, ಇಲ್ಲ, ನಮ್ಮ ದೇಶದ ಪದ್ಧತಿ ಪಾಲ್ ಎಂದೇ ಬರೆದಿದ್ದೆ. ಕೊನೆಗೆ ಸಿಟ್ಟೆಲ್ಲ ಬೋರ್ಡಿನ ಮೇಲೆ ತಿರುಗಿತು. ಇದರಲ್ಲಿ ಚಿಪ್ಪಿಗೆ ತಾಳ ಹಾಕುವುದು ಕ್ವಾರ್ಟ್ಜ್ ಹರಳಲ್ಲ, ಸಿರಾಮಿಕ್ ರೆಸೊನೇಟರ್. ಅಗ್ಗದ ಮಾಲಿನ ತಾಳ ತಪ್ಪುತ್ತಿದೆ ಎಂದು ತೀರ್ಮಾನಿಸಿ, ಹರಳಿರುವ ಇನ್ನೊಂದು ಬೋರ್ಡಿಗೆ ಮತ್ತೆ ದುಡ್ಡು ಸುರಿದೆ. ಅದರಲ್ಲೂ ಅದೇ ಜಿಗಿತ!

ಗುಟ್ಟು ಹಿಡಿದದ್ದು ಅಮ್ಮ. ಸೊಪ್ಪು ಕತ್ತರಿಸುತ್ತ ಕೂತಿದ್ದವರು, "ನಾಡಿ ಹಿಡಿದ ಹಾಗೆ ಹಾರುತ್ತದಲ್ಲೋ ಇದು, ಒಂದು ಸಲವೂ ತಪ್ಪಲಿಲ್ಲ" ಎಂದರು. ಗಡಿಯಾರ ಇಟ್ಟು ಎಣಿಸಿದೆ: ಎರಡು ಸೆಕೆಂಡಿಗೊಮ್ಮೆ. ಸಡಿಲ ತಂತಿಗೆ ಇಂಥ ಶಿಸ್ತು ಎಲ್ಲಿಂದ ಬರಬೇಕು? ನಾನು ಸೆನ್ಸರ್ ಓದುತ್ತಿದ್ದದ್ದೂ ಎರಡು ಸೆಕೆಂಡಿಗೊಮ್ಮೆ. ಪ್ರೋಗ್ರಾಂನಿಂದ ಆ ಒಂದು ಸಾಲು ತೆಗೆದೆ, ಚಿತ್ರ ಗೋಡೆಗೆ ಮೊಳೆ ಹೊಡೆದಂತೆ ನಿಂತಿತು.

ಆದದ್ದಿಷ್ಟು. ಪಾಲ್ ಚಿತ್ರದ ಒಂದು ಸಾಲಿಗೆ 64 ಮೈಕ್ರೊಸೆಕೆಂಡ್. ಪ್ರತಿ ಸಾಲಿಗೂ ಟೈಮರ್ ಚಿಪ್ಪನ್ನು ಎಬ್ಬಿಸಿ (ಈ ಎಬ್ಬಿಸುವುದೇ ಇಂಟರಪ್ಟ್) ಚುಕ್ಕಿ ಬರೆಸುತ್ತದೆ, ಸಾಲು ಎಣಿಸಿ ಚಿತ್ರದ ಕೊನೆಯ ಸಿಂಕ್ ಕೊಡಿಸುತ್ತದೆ. ಸೆನ್ಸರ್ ಆದರೋ 40 ಬಿಟ್‌ಗಳನ್ನು ಒಂದರ ಹಿಂದೊಂದು ಕಳುಹಿಸುತ್ತದೆ. ಅದು ಸೊನ್ನೆಯೋ ಒಂದೋ ಎಂಬುದು ಮಿಡಿತದ ಉದ್ದದಿಂದಲೇ ತಿಳಿಯಬೇಕು. ನಡುವೆ ಯಾರೂ ಮಾತಾಡಿಸದಿರಲಿ ಎಂದು ಸೆನ್ಸರಿನ ಲೈಬ್ರರಿ ಅಷ್ಟು ಹೊತ್ತು ಇಂಟರಪ್ಟ್‌ಗಳ ಬಾಯಿ ಕಟ್ಟುತ್ತದೆ. ನಾಲ್ಕು ಮಿಲಿಸೆಕೆಂಡ್ ಎಂದರೆ ಸುಮಾರು 60 ಸಾಲಿನ ಎಣಿಕೆ ತಪ್ಪಿ, ಚಿತ್ರದ ಕೊನೆಯ ಸಿಂಕ್ ತಡವಾಗಿ, ಟಿವಿ ಕತ್ತಲಲ್ಲಿ ತಡಕಾಡಬೇಕು. ಹಾರದೆ ಇನ್ನೇನು ಮಾಡೀತು! ತಾಳ ತಪ್ಪಿಸಿದವನು ನಾನು, ಬೈಗುಳ ತಿಂದದ್ದು ಬೋರ್ಡ್. ಒಂದು ಎಳೆಯಲ್ಲಿ ಓದುವ ಡಿಎಸ್18ಬಿ20 ಶಾಖ ಸೆನ್ಸರ್ ಇಟ್ಟರೂ ಇದೇ ಪಾಡು. ಅದಕ್ಕೆ ಒಂದು ಸೊನ್ನೆ ಬರೆಯಲು ಸುಮಾರು 65 ಮೈಕ್ರೊಸೆಕೆಂಡ್ ಇಂಟರಪ್ಟ್ ಮುಚ್ಚುತ್ತಾರೆ, ಒಂದು ಸಾಲಿಗಿಂತ ಕೂದಲೆಳೆ ಹೆಚ್ಚು.

ಮೊದಲು ಐದು ನಿಮಿಷಕ್ಕೊಮ್ಮೆ ಮಾತ್ರ ಓದಿಸಿದೆ. ಹುಳು ಮನೆಯ ಶಾಖ ಎರಡು ಸೆಕೆಂಡಿಗೆ ಬದಲಾಗುವುದಿಲ್ಲ, ಹಾಗಾಗಿ ಅದೇ ಸಾಕಿತ್ತು. ಆದರೆ ತಮ್ಮನ ಮನೆಯ ಎಲ್‌ಇಡಿ ಟಿವಿಗೆ ಹಾಕಿ ತೋರಿಸಲು ಹೋಗಿ ಮುಖಭಂಗವಾಯಿತು. ಹಳೆಯ ಟಿವಿ ಒಂದು ಜಿಗಿತದಲ್ಲಿ ಕ್ಷಮಿಸುತ್ತದೆ; ಹೊಸದು "ಸಿಗ್ನಲ್ ಇಲ್ಲ" ಎಂಬ ನೀಲಿ ಪರದೆ ಹಿಡಿದು ಎರಡು ಸೆಕೆಂಡ್ ಮುನಿಸಿಕೊಳ್ಳುತ್ತದೆ. ಆ ಹಠಕ್ಕೆ, ದಂಡವಾಯಿತು ಎಂದುಕೊಂಡಿದ್ದ ಎರಡನೇ ಬೋರ್ಡಿಗೆ ಸೆನ್ಸರ್ ವಹಿಸಿದೆ. ಅದು ಓದಿದ್ದನ್ನು ಸೀರಿಯಲ್ ತಂತಿಯಲ್ಲಿ (ಬಿಟ್‌ಗಳನ್ನು ಒಂದೊಂದಾಗಿ ಸಾಗಿಸುವ ತಂತಿ) ಮೊದಲನೆಯದಕ್ಕೆ ಹೇಳುತ್ತದೆ. ಮಾಮೂಲು ಸೀರಿಯಲ್ ಕೂಡ ಇಂಟರಪ್ಟ್ ಎಬ್ಬಿಸಿ ಚಿತ್ರ ನಡುಗಿಸುತ್ತದೆ. ಟಿವಿಔಟ್ ಜೊತೆಗೇ ಬರುವ ಪೋಲ್‌ಸೀರಿಯಲ್ ಬಳಸಿ. ಸಾಲು–ಸಾಲಿನ ನಡುವಿನ ಬಿಡುವಿನಲ್ಲಿ ಇಣುಕಿ ಅದು ಬೈಟ್ ಎತ್ತಿಕೊಳ್ಳುತ್ತದೆ. ಎರಡೂ ಬೋರ್ಡಿನ ಗ್ರೌಂಡ್ ಸೇರಿಸುವುದನ್ನು ಮರೆತು ನಾನು ಒಂದು ಭಾನುವಾರ ಕಳೆದೆ, ನೀವು ಮರೆಯಬೇಡಿ.

ಅಲ್ಲಿಂದ ಈಚೆಗೆ ಬೋರ್ಡ್ ಎರಡೂವರೆ ವರ್ಷ ಒಂದು ತಕರಾರಿಲ್ಲದೆ ನಡೆದಿದೆ. ಯುಎಸ್‌ಬಿ ಕಿಂಡಿ ಸಡಿಲವಾಗಿದೆ, ಅಷ್ಟೇ. ಮೆಮೊರಿ ಮಾತ್ರ ಇಕ್ಕಟ್ಟು: 2048 ಬೈಟ್‌ನಲ್ಲಿ 120×96 ಚುಕ್ಕಿಯ ಪರದೆಯೊಂದೇ 1440 ನುಂಗುತ್ತದೆ. ಉದ್ದುದ್ದ ವಾಕ್ಯ ಸೇರಿಸಿದ ದಿನ ಪರದೆ ತುಂಬ ರಾಗಿ ಚೆಲ್ಲಿದಂತೆ ಚುಕ್ಕಿ ಬಂದವು. ವಾಕ್ಯಗಳನ್ನು ಪ್ರೋಗ್ರಾಂ ಕೂರುವ ಫ್ಲ್ಯಾಶ್ ಮೆಮೊರಿಯಲ್ಲೇ ಉಳಿಸಿದ ಮೇಲೆ ಸರಿಹೋಯಿತು.

ನಿರೀಕ್ಷಿಸದೆ ಸಿಕ್ಕ ಸುಖವೊಂದಿದೆ. ಲೈಬ್ರರಿಯಲ್ಲಿ ಇಂಗ್ಲಿಷ್ ಅಕ್ಷರ ಮಾತ್ರ. ಅಮ್ಮನಿಗೆ ಅದು ಬಾರದು. ಗ್ರಾಫ್ ಹಾಳೆಯಲ್ಲಿ ಚೌಕ ತುಂಬಿ ತುಂಬಿ "ಶಾಖ", "ತೇವ" ಎಂದು ಬರೆದೆ. ಕನ್ನಡ ಅಂಕಿಗಳನ್ನೂ ಮಾಡಿದೆ. ೬ ಮತ್ತು ೯ ಅಷ್ಟು ಕಡಿಮೆ ಚುಕ್ಕಿಯಲ್ಲಿ ಒಂದೇ ಥರ ಕಂಡು ಮೂರು ಸಂಜೆ ಕಾಡಿದವು. ಈಗ ಅಮ್ಮ ಸೊಪ್ಪಿನ ಬುಟ್ಟಿ ಇಳಿಸಿ ಅಂಗಳದಲ್ಲೇ ತಲೆ ಎತ್ತಿ ಓದುತ್ತಾರೆ. ತೇವ ಕಡಿಮೆ ಕಂಡರೆ ಗೋಣಿತಾಟಿಗೆ ನೀರು ಚಿಮುಕಿಸಿ, ಕಾಫಿ ಹೀರುತ್ತ ಅಂಕಿ ಏರುವುದನ್ನು ಕಾಯುತ್ತಾರೆ. ಆದರೂ ಗೋಡೆಯ ಉಷ್ಣಮಾಪಕವನ್ನು ಕಿತ್ತಿಲ್ಲ. ಸದಾ ತೇವದಲ್ಲಿರುವ ಸೆನ್ಸರ್ ಕ್ರಮೇಣ ಹೆಚ್ಚು ತೋರಿಸತೊಡಗಿತು, ವರ್ಷಕ್ಕೊಂದು ಬದಲಿಸುತ್ತಿದ್ದೇನೆ. ಆ ಖರ್ಚನ್ನು ಲೆಕ್ಕಕ್ಕೆ ಹಿಡಿದೇ ನಾಲ್ಕು ನಕ್ಷತ್ರ.

ಈಗ ಚಿತ್ರ ಹಾರುವುದು ಒಂದೇ ಸಂದರ್ಭದಲ್ಲಿ. ರಾತ್ರಿ ತ್ರೀ ಫೇಸ್ ಕರೆಂಟ್ ಬಂದು, ಆಟೊ ಸ್ಟಾರ್ಟರ್ ಕೊಳವೆಬಾವಿಯ ಮೋಟಾರನ್ನು ಎಬ್ಬಿಸಿದಾಗ ಪರದೆ ಒಮ್ಮೆ ಕುಗ್ಗಿ ಅದುರುತ್ತದೆ. ಅದನ್ನೂ ಸರಿಮಾಡುತ್ತೇನೆ ಎಂದು ಹೊರಟಿದ್ದೆ. ಅಮ್ಮ ಬೇಡವೆಂದರು: ಹಿಪ್ಪುನೇರಳೆ ತೋಟಕ್ಕೆ ನೀರು ತಿರುಗಿಸಲು ಏಳಬೇಕೆಂದು ತಿಳಿಯುವುದೇ ಅದರಿಂದ.