ಥೆರಾಬ್ಯಾಂಡ್ ವಿಮರ್ಶೆ: ಬಣ್ಣ ನೋಡಿ ಕೊಂಡರೆ ಸಾಲದು, ಉದ್ದ ಅಳೆಯಬೇಕು

ಕಬಡ್ಡಿಯಲ್ಲಿ ಕಾಲು ಉಳುಕಿರಲಿ, ಬೈಕಿನಿಂದ ಬಿದ್ದು ಮಣಿಕಟ್ಟು ಮುರಿದಿರಲಿ, ಮಂಡಿಯ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಲಿಗಮೆಂಟಿನ ಆಪರೇಷನ್ ಆಗಿರಲಿ, ಫಿಸಿಯೋಥೆರಪಿ ಕ್ಲಿನಿಕ್ಕಿನಿಂದ ಮನೆಗೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ರಬ್ಬರ್ ಪಟ್ಟಿ ಇರುತ್ತದೆ. ಬಹಳಷ್ಟು ಮನೆಗಳಲ್ಲಿ ಅದು ಎರಡು ವಾರ ಬಳಕೆಯಾಗಿ ಆಮೇಲೆ ಬೀರುವಿನ ಹಿಡಿಕೆಗೆ ಜೋತುಬೀಳುತ್ತದೆ. ಪಟ್ಟಿ ಕೆಟ್ಟದ್ದು ಅಂತಲ್ಲ. ಎಷ್ಟು ಉದ್ದ ಹಿಡಿಯಬೇಕು, ಎಷ್ಟು ಎಳೆಯಬೇಕು ಅನ್ನುವುದನ್ನು ಯಾರೂ ಹೇಳಿರುವುದಿಲ್ಲ. ಪೊಟ್ಟಣದೊಳಗಿನ ಚೀಟಿಯಲ್ಲಿ ಚಿತ್ರಗಳಿರುತ್ತವೆ, ಅಳತೆ ಇರುವುದಿಲ್ಲ.

ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ಊರಿನ ಹೈಜಿನಿಕ್ ಕಾರ್ಪೊರೇಷನ್ 1978ರಲ್ಲಿ ಮಾರುಕಟ್ಟೆಗೆ ತಂದ ಥೆರಾಬ್ಯಾಂಡ್ ಈ ಜಾತಿಯ ಪಟ್ಟಿಗಳಿಗೆಲ್ಲ ಮೂಲ ಮಾದರಿ. ಯಾವ ಕಂಪನಿಯ ಪಟ್ಟಿ ಕಂಡರೂ ನಮ್ಮವರು ‘ಥೆರಾಬ್ಯಾಂಡ್’ ಅಂತಲೇ ಕರೆಯುತ್ತಾರೆ. ಮೂಲ ಕಂಪನಿಯ ಬಣ್ಣಗಳ ಸಾಲು ಹಳದಿ, ಕೆಂಪು, ಹಸಿರು, ನೀಲಿ, ಕಪ್ಪು, ಬೆಳ್ಳಿ, ಚಿನ್ನ. ಹಳದಿಗಿಂತ ಹಗುರವಾದ ತಿಳಿ ಕಂದು ಬಣ್ಣದ್ದೂ ಒಂದಿದೆ. ಪಟ್ಟಿಯನ್ನು ಅದರ ಸಡಿಲ ಉದ್ದದ ಎರಡರಷ್ಟಕ್ಕೆ, ಅಂದರೆ ಶೇ. 100 ಹಿಗ್ಗಿಸಿದಾಗ ಹಳದಿಯಲ್ಲಿ ಸುಮಾರು 1.3 ಕೆ.ಜಿ., ಕೆಂಪಿನಲ್ಲಿ 1.7, ಹಸಿರಿನಲ್ಲಿ 2.1, ನೀಲಿಯಲ್ಲಿ 2.6, ಕಪ್ಪಿನಲ್ಲಿ 3.3, ಬೆಳ್ಳಿಯಲ್ಲಿ 4.6, ಚಿನ್ನದಲ್ಲಿ 6.4 ಕೆ.ಜಿ. ಎಳೆತ ಸಿಗುತ್ತದೆ. ಹಳದಿಯಿಂದ ಕಪ್ಪಿನವರೆಗೆ ಪ್ರತಿ ಹೆಜ್ಜೆಗೆ ಏರಿಕೆ ಶೇ. 25ರ ಆಸುಪಾಸು, ಅಲ್ಲಿಂದ ಮೇಲೆ ಶೇ. 40ರಷ್ಟು. ಕಪ್ಪು ಮುಗಿಸಿದವರು ಬೆಳ್ಳಿಗೆ ಹಾರಿದಾಗ ಭುಜ ಮತ್ತೆ ನೋಯಲು ಶುರುವಾಗುವುದು ಇದೇ ಕಾರಣಕ್ಕೆ.

ಈ ಬಣ್ಣದ ಲೆಕ್ಕ ಈ ಒಂದು ಕಂಪನಿಗೆ ಮಾತ್ರ ಸೇರಿದ್ದು. ಬೇರೆಯವರ ಹಸಿರು ಇವರ ಕೆಂಪಿಗಿಂತ ಮೃದುವಾಗಿರಬಹುದು, ನೀಲಿಗಿಂತ ಬಿಗಿಯಾಗಿಯೂ ಇರಬಹುದು. ಸರ್ಜಿಕಲ್ ಅಂಗಡಿಯಲ್ಲಿ ಹೆಸರಿಲ್ಲದ ಪಟ್ಟಿ ಸಿಕ್ಕಿದ್ದರೆ ಲಗೇಜ್ ತೂಗುವ ಚಿಕ್ಕ ಡಿಜಿಟಲ್ ತಕ್ಕಡಿ ಸಾಕು. ಪಟ್ಟಿಯ ಒಂದು ತುದಿಯನ್ನು ಮಂಚದ ಕಾಲಿಗೆ ಕಟ್ಟಿ, ಇನ್ನೊಂದನ್ನು ತಕ್ಕಡಿಯ ಕೊಕ್ಕೆಗೆ ಗಂಟುಹಾಕಿ, ಎರಡು ಗಂಟುಗಳ ನಡುವಿನ ಉದ್ದ ದುಪ್ಪಟ್ಟಾಗುವವರೆಗೆ ಎಳೆದು ಓದಿಕೊಂಡರೆ ನಿಮ್ಮ ಪಟ್ಟಿ ಯಾವ ಮೆಟ್ಟಿಲಿನದು ಅನ್ನುವುದು ಗೊತ್ತಾಗುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ. ಎಳೆತ ನಿರ್ಧಾರವಾಗುವುದು ಪಟ್ಟಿ ಎಷ್ಟು ಸೆಂಟಿಮೀಟರ್ ಹಿಗ್ಗಿತು ಅನ್ನುವುದರಿಂದಲ್ಲ, ತನ್ನ ಸಡಿಲ ಉದ್ದದ ಶೇಕಡಾ ಎಷ್ಟು ಹಿಗ್ಗಿತು ಅನ್ನುವುದರಿಂದ. ಒಂದು ಮೀಟರ್ ಪಟ್ಟಿಯನ್ನು ಎರಡು ಮೀಟರಿಗೆ ಎಳೆದರೂ, ಅದೇ ಬಣ್ಣದ ಅರ್ಧ ಮೀಟರನ್ನು ಒಂದು ಮೀಟರಿಗೆ ಎಳೆದರೂ ಕೈಗೆ ಬರುವ ಭಾರ ಒಂದೇ. ಆದರೆ ಎರಡನ್ನೂ ತಲಾ 50 ಸೆಂ.ಮೀ. ಎಳೆದರೆ ಒಂದರಲ್ಲಿ ಶೇ. 50, ಇನ್ನೊಂದರಲ್ಲಿ ಶೇ. 100. ಹಾಗಾಗಿ ‘ಕೆಂಪು ಪಟ್ಟಿ, 15 ಸಲ, ಮೂರು ಸುತ್ತು’ ಅನ್ನುವ ಸೂಚನೆ ಅರ್ಧ ಸೂಚನೆ. ನಿನ್ನೆ ಒಂದು ಗೇಣು ಹತ್ತಿರ ನಿಂತು ಮಾಡಿದ್ದನ್ನು ಇವತ್ತು ದೂರ ನಿಂತು ಮಾಡಿದರೆ ಔಷಧದ ಪ್ರಮಾಣವೇ ಬದಲಾದ ಹಾಗೆ.

ಪರಿಹಾರ ಸುಲಭ. ಪಟ್ಟಿಯ ನಡುಭಾಗದಲ್ಲಿ ಬಾಲ್‌ಪೆನ್ನಿನಿಂದ ಸರಿಯಾಗಿ 10 ಸೆಂ.ಮೀ. ಅಂತರದಲ್ಲಿ ಎರಡು ಗೆರೆ ಎಳೆಯಿರಿ. ವ್ಯಾಯಾಮದ ಕೊನೆಯಲ್ಲಿ ಆ ಗೆರೆಗಳ ಅಂತರ 15 ಸೆಂ.ಮೀ. ಆದರೆ ಹಿಗ್ಗಿದ್ದು ಶೇ. 50, 20 ಆದರೆ ಶೇ. 100. ಗಂಟು ಎಲ್ಲಿ ಹಾಕಿದ್ದೀರಿ, ಎಷ್ಟು ದೂರ ಕೂತಿದ್ದೀರಿ ಅನ್ನುವ ತಲೆನೋವೇ ಇಲ್ಲ. ಇದೇ ಗೆರೆಗಳು ಪಟ್ಟಿಯ ಆಯುಸ್ಸನ್ನೂ ಹೇಳುತ್ತವೆ: ಸಡಿಲ ಬಿಟ್ಟಾಗ 10ಕ್ಕೆ ಮರಳದೆ 11ರ ಹತ್ತಿರ ನಿಂತರೆ ರಬ್ಬರ್ ಸೋತಿದೆ, ಬದಲಿಸಿ. ಶೇ. 300ರ ಆಚೆಗೆ, ಅಂದರೆ ಒಂದು ಅಡಿಯ ಪಟ್ಟಿಯನ್ನು ನಾಲ್ಕು ಅಡಿ ಮೀರಿ ಎಳೆಯಲೇಬಾರದು. ಅಷ್ಟು ಎಳೆಯಬೇಕಾಗಿ ಬಂದರೆ ಒಂದೋ ತುಂಡು ಚಿಕ್ಕದಾಗಿದೆ, ಇಲ್ಲವೇ ಬಣ್ಣ ಹಗುರವಾಗಿದೆ.

ಪಟ್ಟಿಯ ನಿಜವಾದ ಬೆಲೆ ಗೊತ್ತಾಗುವುದು ಉಳುಕಿದ ಕಾಲಿನಲ್ಲಿ. ಆದರೆ ಪಟ್ಟಿ ಕೈಗೆತ್ತಿಕೊಳ್ಳುವ ಮುಂಚೆ ಮೂಳೆಯ ಪ್ರಶ್ನೆ ಮುಗಿದಿರಬೇಕು. ಪೆಟ್ಟಾದ ಕೂಡಲೇ ಮತ್ತು ಆಸ್ಪತ್ರೆಯಲ್ಲೂ ನಾಲ್ಕು ಹೆಜ್ಜೆ ಊರಿ ನಡೆಯಲು ಆಗದಿದ್ದರೆ, ಕಾಲಿನ ಒಳ ಅಥವಾ ಹೊರ ಗಂಟಿನ ಮೂಳೆಯ ಹಿಂಬದಿ ಅಂಚನ್ನು ತುದಿಯಿಂದ ಮೇಲಕ್ಕೆ 6 ಸೆಂ.ಮೀ.ವರೆಗೆ ಒತ್ತಿದಾಗ ನೋವಿದ್ದರೆ, ಕಿರುಬೆರಳಿನ ಸಾಲಿನ ಉದ್ದ ಮೂಳೆಯ ಬುಡದಲ್ಲಿ ಇಲ್ಲವೇ ಪಾದದ ಒಳಬದಿಯ ನೆವಿಕ್ಯುಲರ್ ಮೂಳೆಯ ಮೇಲೆ ಒತ್ತಿದಾಗ ನೋವಿದ್ದರೆ ಎಕ್ಸ್‌ರೇ ಬೇಕು. ವೈದ್ಯರು ಬಳಸುವ ಒಟ್ಟಾವಾ ನಿಯಮ ಇದು. ಎಣ್ಣೆ ಹಾಕಿ ನೀವಿಸಿಕೊಂಡು ವಾರ ಕಳೆದ ಮೇಲೆ ಬಿರುಕು ಗೊತ್ತಾಗುವುದು ನಮ್ಮ ಊರುಗಳಲ್ಲಿ ಹೊಸದೇನಲ್ಲ.

ಕಾಲು ಸಾಮಾನ್ಯವಾಗಿ ಒಳಕ್ಕೆ ಮಗುಚಿ ಉಳುಕುತ್ತದೆ, ಏಟು ಬೀಳುವುದು ಹೊರಬದಿಯ ಲಿಗಮೆಂಟಿಗೆ. ಪಾದವನ್ನು ಹೊರಕ್ಕೆ ತಿರುಗಿಸುವ ಪೆರೋನಿಯಲ್ ಸ್ನಾಯುಗಳೇ ಮುಂದಿನ ಸಲ ತಡೆಯಬೇಕಾದವು. ನೆಲದ ಮೇಲೆ ಕಾಲು ಚಾಚಿ ಕೂತು, ಮೀನಖಂಡದ ಕೆಳಗೆ ಸುತ್ತಿದ ಟವೆಲ್ ಇಟ್ಟು ಹಿಮ್ಮಡಿ ನೆಲ ಮುಟ್ಟದಂತೆ ಮಾಡಿ. ಪಟ್ಟಿಯ ಕುಣಿಕೆ ಬೆರಳುಗಳ ಮೇಲಲ್ಲ, ಬೆರಳುಗಳ ಬುಡದ ಅಗಲ ಭಾಗದಲ್ಲಿ ಕೂರಬೇಕು. ಎಳೆತ ಒಳಬದಿಯಿಂದ ಬರಬೇಕು: ಪಟ್ಟಿಯನ್ನು ಇನ್ನೊಂದು ಪಾದಕ್ಕೆ ಸುತ್ತಬಹುದು, ಇಲ್ಲವೇ ಆ ಬದಿಯ ಮಂಚದ ಕಾಲಿಗೆ ಕಟ್ಟಬಹುದು.

ಪಾದದ ಈ ಚಲನೆ ಇಡೀ ಸೇರಿ 8–10 ಸೆಂ.ಮೀ. ಮಾತ್ರ. ಒಂದು ಮೀಟರ್ ಪಟ್ಟಿ ಕಟ್ಟಿಕೊಂಡರೆ ಹಿಗ್ಗುವುದು ಶೇ. 10. ಅಂಥ ವ್ಯಾಯಾಮ ಸ್ನಾಯುವಿಗೆ ಗೊತ್ತೇ ಆಗುವುದಿಲ್ಲ. ‘ತುಂಬಾ ಸುಲಭ, ಕಪ್ಪು ಕೊಡಿ’ ಎಂಬ ಬೇಡಿಕೆ ಬರುವುದು ಇಲ್ಲಿಂದಲೇ. ಪಾದಕ್ಕೂ ಕಟ್ಟಿದ ಜಾಗಕ್ಕೂ ನಡುವೆ ಸಡಿಲವಾಗಿ 20 ಸೆಂ.ಮೀ. ಇರಲಿ. ಆರಂಭದಲ್ಲೇ 25ಕ್ಕೆ ಎಳೆದು ಕೂತರೆ ಚಲನೆಯ ಕೊನೆಗೆ 35 ಆಗುತ್ತದೆ, ಅಂದರೆ ಶೇ. 25ರಿಂದ 75. ಕೆಂಪು ಪಟ್ಟಿಯೇ ಬೆವರಿಳಿಸುತ್ತದೆ.

ಮಂಡಿಚಿಪ್ಪು ಸದಾ ಸೂರಿನ ಕಡೆಗೇ ಇರಬೇಕು. ಅದು ಹೊರಕ್ಕೆ ತಿರುಗಿತೆಂದರೆ ಕೆಲಸ ಮಾಡುತ್ತಿರುವುದು ಸೊಂಟ, ಪಾದವಲ್ಲ. ಹೊರಕ್ಕೆ ಒಂದು ಎಣಿಕೆ, ವಾಪಸ್ ಮೂರು ಎಣಿಕೆ. ವಾಪಸ್ ಬರುವ ನಿಧಾನದಲ್ಲೇ ಹೆಚ್ಚಿನ ಲಾಭವಿದೆ, ಏಕೆಂದರೆ ಕಾಲು ಮಗುಚುವ ಹೊತ್ತಿನಲ್ಲಿ ಈ ಸ್ನಾಯುಗಳು ಮಾಡಬೇಕಾದ್ದು ಬ್ರೇಕಿನ ಕೆಲಸ. 12–15 ಸಲ, ಎರಡು ಮೂರು ಸುತ್ತು. ಹತ್ತರಲ್ಲಿ ಮೂರರ ಒಳಗಿನ ನೋವು ಮಾಡುವಾಗ ಬಂದರೆ ಪರವಾಗಿಲ್ಲ. ಮರುದಿನ ಬೆಳಗ್ಗೆ ನೋವೋ ಬಾವೋ ಹೆಚ್ಚಿದ್ದರೆ ಹಿಂದಿನ ದಿನದ ಎಳೆತ ಜಾಸ್ತಿಯಾಗಿತ್ತು. ಏರಿಸುವಾಗ ಮೊದಲು ಹಿಗ್ಗುವಿಕೆ, ಆಮೇಲೆ ಬಣ್ಣ.

ಪಾದವನ್ನು ಕೆಳಕ್ಕೆ ಒತ್ತುವ ವ್ಯಾಯಾಮಕ್ಕೆ ಮಾತ್ರ ಈ ಪಟ್ಟಿ ಬೇಗ ಸಾಕಾಗುವುದಿಲ್ಲ. ಮೀನಖಂಡ ನಡೆಯುವಾಗಲೇ ಇಡೀ ದೇಹದ ಭಾರ ಎತ್ತುತ್ತದೆ, ಅದಕ್ಕೆ ಎರಡು ಕೆ.ಜಿ. ಯಾವ ಲೆಕ್ಕ? ಕಾಲೂರಲು ಆದ ದಿನದಿಂದ ಗೋಡೆ ಹಿಡಿದು ಎರಡೂ ಹಿಮ್ಮಡಿ ಎತ್ತುವುದು, ಆಮೇಲೆ ಒಂಟಿ ಕಾಲಲ್ಲಿ ಎತ್ತುವುದು. ಒಂಟಿ ಕಾಲಲ್ಲಿ ನಿಂತು ಸಮತೋಲ ಹಿಡಿಯುವ ಅಭ್ಯಾಸವನ್ನೂ ಯಾವ ಬಣ್ಣದ ಪಟ್ಟಿಯೂ ಕೊಡಲಾರದು. ಅದನ್ನು ಬಿಟ್ಟು ಮೈದಾನಕ್ಕೆ ಮರಳಿದವರದೇ ಕಾಲು ಮತ್ತೆ ಮತ್ತೆ ಉಳುಕುವುದು.

ಭುಜಕ್ಕೆ ಬಂದರೆ, ಬೌಲಿಂಗ್ ಮಾಡುವವರಿಗೂ ಬ್ಯಾಡ್ಮಿಂಟನ್‌ನವರಿಗೂ ಮುಖ್ಯವಾದದ್ದು ಮುಂಗೈಯನ್ನು ಹೊರಕ್ಕೆ ತಿರುಗಿಸುವ ವ್ಯಾಯಾಮ. ಪಟ್ಟಿ ಮೊಣಕೈ ಎತ್ತರದಲ್ಲಿ ಕಟ್ಟಿರಬೇಕು, ನೋವಿನ ಕೈ ಕಟ್ಟಿದ ಜಾಗದಿಂದ ಆಚೆ ಬದಿಗೆ. ಮೊಣಕೈ 90 ಡಿಗ್ರಿ, ಅದಕ್ಕೂ ಪಕ್ಕೆಗೂ ನಡುವೆ ಮಡಿಚಿದ ಟವೆಲ್. ಟವೆಲ್ ಬಿದ್ದರೆ ಆ ಸಲದ್ದು ಲೆಕ್ಕಕ್ಕಿಲ್ಲ. ರಬ್ಬರಿನ ಸ್ವಭಾವ ಇಲ್ಲಿ ಸ್ವಲ್ಪ ವಿರುದ್ಧ ನಿಲ್ಲುತ್ತದೆ: ಹಿಗ್ಗಿದಷ್ಟೂ ಎಳೆತ ಹೆಚ್ಚು, ಆದರೆ ಚಲನೆಯ ಕೊನೆಯಲ್ಲಿ ಈ ಸ್ನಾಯುಗಳ ಬಲ ಕಡಿಮೆ. ಆಗ ಜನ ಮೈಯನ್ನೇ ತಿರುಗಿಸುತ್ತಾರೆ, ಭುಜವನ್ನು ಕಿವಿಯ ಕಡೆಗೆ ಎತ್ತುತ್ತಾರೆ, ಇಲ್ಲವೇ ಮಣಿಕಟ್ಟನ್ನು ಹಿಂದಕ್ಕೆ ಬಗ್ಗಿಸುತ್ತಾರೆ. ಮೂರನೆಯದು ಕೆಲವೇ ದಿನಗಳಲ್ಲಿ ಮೊಣಕೈಯ ಹೊರಬದಿಗೆ ಹೊಸ ನೋವು ತಂದುಕೊಡುತ್ತದೆ. ಕೊನೆಯ ಹಿಗ್ಗುವಿಕೆ ಶೇ. 100ರ ಒಳಗೇ ಇರುವಂತೆ ಉದ್ದ ಪಟ್ಟಿ ಬಳಸಿದರೆ ಈ ತೊಂದರೆ ಬಹುಪಾಲು ಹೋಗುತ್ತದೆ. ಕಾಲಿಗೆ ತುಂಡು ಪಟ್ಟಿ, ಭುಜಕ್ಕೆ ಉದ್ದ ಪಟ್ಟಿ. ಭುಜದ ಸ್ನಾಯು ಹೊಲಿದ ಆಪರೇಷನ್ ಆಗಿದ್ದರೆ ಸರ್ಜನ್ ಹೇಳುವವರೆಗೆ ಪಟ್ಟಿ ಮುಟ್ಟುವಂತಿಲ್ಲ. ಸಾಮಾನ್ಯವಾಗಿ ಅದು ಮೂರು ತಿಂಗಳ ಹತ್ತಿರದ ಮಾತು.

ಎಸಿಎಲ್ ಆಪರೇಷನ್ ಆದವರು ಈ ಪಟ್ಟಿಯನ್ನು ತಪ್ಪಾಗಿ ಬಳಸಿಕೊಳ್ಳುವ ಅಪಾಯ ಹೆಚ್ಚು. ಕುರ್ಚಿಯಲ್ಲಿ ಕೂತು, ಕಾಲಿನ ಗಂಟಿಗೆ ಪಟ್ಟಿ ಕಟ್ಟಿ ಮಂಡಿ ನೇರ ಮಾಡುವ ವ್ಯಾಯಾಮ ಎಲ್ಲ ವಿಡಿಯೋಗಳಲ್ಲೂ ಇದೆ. ಮಂಡಿ ನೇರವಾಗುತ್ತಾ ಹೋದ ಹಾಗೆ ಹರಿದ ಎಸಿಎಲ್ ಜಾಗದಲ್ಲಿ ಕೂರಿಸಿದ ಹೊಸ ಗ್ರಾಫ್ಟಿನ (ಬದಲಿ ನಾರಿನ) ಮೇಲಿನ ಒತ್ತಡ ಏರುತ್ತದೆ, ಪಟ್ಟಿಯ ಎಳೆತವೂ ಸರಿಯಾಗಿ ಅಲ್ಲೇ ಏರುತ್ತದೆ. ಮೊದಲ ತಿಂಗಳುಗಳಲ್ಲಿ ಇದು ಬೇಡ. ಬದಲಿಗೆ ನಿಂತು ಮಾಡುವ ಕ್ರಮವಿದೆ: ಪಟ್ಟಿಯನ್ನು ಮುಂದೆ ಕಟ್ಟಿ, ಮಂಡಿಯ ಹಿಂದೆ ಹಾಕಿಕೊಂಡು, ಸ್ವಲ್ಪ ಬಗ್ಗಿದ ಮಂಡಿಯನ್ನು ನಿಧಾನವಾಗಿ ನೇರ ಮಾಡುವುದು. ಇಲ್ಲೂ ಒಂದು ಸೂಕ್ಷ್ಮವಿದೆ. ಪಟ್ಟಿ ತೊಡೆಯ ಕೆಳತುದಿಯಲ್ಲಿರಬೇಕು. ಮೀನಖಂಡದ ಮೇಲೆ ಜಾರಿದರೆ ಅದು ಕಣಕಾಲಿನ ಮೂಳೆಯನ್ನು ಮುಂದಕ್ಕೆ ಎಳೆಯುತ್ತದೆ, ಗ್ರಾಫ್ಟ್ ತಡೆಯಬೇಕಾದ ದಿಕ್ಕೇ ಅದು. ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್‌ನಿಂದ ಗ್ರಾಫ್ಟ್ ತೆಗೆದಿದ್ದರೆ ಪಟ್ಟಿ ಕಟ್ಟಿ ಮಂಡಿ ಮಡಿಸುವ ವ್ಯಾಯಾಮವನ್ನೂ ಆರಂಭದ ವಾರಗಳಲ್ಲಿ ಮಾಡಬಾರದು. ಇನ್ನು ಸೊರಗಿದ ತೊಡೆಗೆ ನಿಜವಾದ ಗಾತ್ರ ತರಲು ಲೆಗ್ ಪ್ರೆಸ್, ಮೆಟ್ಟಿಲು, ಸ್ಕ್ವಾಟ್ ಬೇಕು. ಆರು ತಿಂಗಳು ಪಟ್ಟಿಯೊಂದನ್ನೇ ನೆಚ್ಚಿಕೊಂಡ ತೊಡೆ ಆಟಕ್ಕೆ ಸಿದ್ಧವಾಗಿರುವುದಿಲ್ಲ.

ಮೂಳೆ ಮುರಿದವರಿಗೆ ಹೇಳಬೇಕಾದ್ದು ಕಡಿಮೆ: ಮೂಳೆ ಕೂಡಿದೆ ಎಂದು ಎಕ್ಸ್‌ರೇ ನೋಡಿದ ವೈದ್ಯರು ಹೇಳುವ ಮೊದಲು ಪಟ್ಟಿಯ ಎಳೆತ ಬೇಡ. ಪ್ಲಾಸ್ಟರ್ ಬಿಚ್ಚಿದ ಮಣಿಕಟ್ಟು ಮೊದಲು ಬಗ್ಗಲು ಕಲಿಯಬೇಕು. ಬಿಗಿತಕ್ಕೆ ಪಟ್ಟಿ ಮದ್ದಲ್ಲ. ಬಲ ತರುವ ಹಂತದಲ್ಲಿ ಪಟ್ಟಿಯನ್ನು ಅಂಗೈಗೆ ಬಿಗಿಯಾಗಿ ಸುತ್ತಿಕೊಂಡರೆ ಬೆರಳು ಬಾತುಕೊಳ್ಳುತ್ತವೆ, ಒಂದು ಗೇಣು ಪಿವಿಸಿ ಪೈಪಿನೊಳಗೆ ತೂರಿಸಿ ಹಿಡಿಕೆ ಮಾಡಿಕೊಳ್ಳಿ. ಕೈ ಉರಿಯುತ್ತಾ, ಹೊಳೆಯುತ್ತಾ, ಬಣ್ಣ ಬದಲಾಗುತ್ತಿದ್ದರೆ, ಅಥವಾ ಕಾಲಿನ ಆಪರೇಷನ್ ಆದಮೇಲೆ ಮೀನಖಂಡ ಊದಿ ನೋಯುತ್ತಿದ್ದರೆ ವ್ಯಾಯಾಮ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಹಿಡಿಕೆ ಇರುವ ಟ್ಯೂಬುಗಳು ನೋಡಲು ಚೆಂದ, ಆದರೆ ಉದ್ದ ಸ್ಥಿರ. ಕಾಲಿಗೆ ಬೇಕಾದ 20 ಸೆಂ.ಮೀ. ಅದರಲ್ಲಿ ಸಿಗುವುದಿಲ್ಲ, ಹರಿದರೆ ಲೋಹದ ಕೊಕ್ಕೆ ಮುಖಕ್ಕೆ ಹಾರುತ್ತದೆ. ಐದರ ಸೆಟ್ಟಿನಲ್ಲಿ ಬರುವ ಚಿಕ್ಕ ಲೂಪುಗಳು ಸೊಂಟದ ಪಕ್ಕದ ಸ್ನಾಯುಗಳಿಗೆ ಒಳ್ಳೆಯವು, ಮಂಡಿಯಿಂದ ಸ್ವಲ್ಪ ಮೇಲಕ್ಕೆ ಹಾಕಿ ಅಡ್ಡ ಹೆಜ್ಜೆ ಇಡಬಹುದು. ಸುರುಳಿಯಂತೆ ಮಡಿಚಿಕೊಳ್ಳುವುದು ಅವುಗಳ ದೋಷ, ಪ್ಯಾಂಟಿನ ಮೇಲೆ ಹಾಕಿದರೆ ಕಡಿಮೆ. ನಮ್ಮ ಆಯ್ಕೆ ಸುರುಳಿಯಿಂದ ಕತ್ತರಿಸಿಕೊಡುವ ಚಪ್ಪಟೆ ಪಟ್ಟಿಯೇ. ಕೆಂಪು ಮತ್ತು ಹಸಿರು ತಲಾ ಎರಡು ಮೀಟರ್ ಕೊಂಡರೆ ಆರಂಭಕ್ಕೆ ಸಾಕು. ಹಸಿರೂ ಹಗುರವೆನಿಸಿದರೆ ಕೆಂಪನ್ನು ಎರಡು ಮಡಿಕೆ ಮಾಡಿ, ಅಷ್ಟೇ ಶೇಕಡಾ ಹಿಗ್ಗಿಸಿದಾಗ ಎಳೆತವೂ ದುಪ್ಪಟ್ಟಾಗುತ್ತದೆ.

ಬಾಳಿಕೆ ನಿಮ್ಮ ಮನೆಯ ಕಿಟಕಿಯ ಮೇಲೆ ನಿಂತಿದೆ. ತುಕ್ಕು ಹಿಡಿದ ಸರಳಿಗೆ ನೇರವಾಗಿ ಕಟ್ಟಿದ ಪಟ್ಟಿಗೆ ಸಣ್ಣ ಕಚ್ಚು ಬೀಳುತ್ತದೆ, ಹರಿಯುವುದು ಯಾವಾಗಲೂ ಆ ಕಚ್ಚಿನಿಂದಲೇ. ಸರಳಿಗೆ ಹಳೆ ಟವೆಲ್ ಸುತ್ತಿ ಕಟ್ಟಿ. ಬಾಗಿಲಿಗೆ ಸಿಕ್ಕಿಸುವುದಾದರೆ ಪಟ್ಟಿಯಲ್ಲಿ ದಪ್ಪ ಗಂಟು ಹಾಕಿ, ಗಂಟು ಆಚೆ ಬದಿಗೆ ಬರುವಂತೆ ಬಾಗಿಲು ಮುಚ್ಚಿ ಚಿಲಕ ಹಾಕಿ. ನೀವು ಎಳೆದಾಗ ಬಾಗಿಲು ನಿಮ್ಮ ಕಡೆಗೆ ತೆರೆದುಕೊಳ್ಳುವಂಥದ್ದಾದರೆ ಬೇರೆ ಜಾಗ ಹುಡುಕಿ. ಉಂಗುರ ತೆಗೆದಿಡಿ. ಪ್ರತಿ ಸಲವೂ ಬೆಳಕಿಗೆ ಹಿಡಿದು ತೂತು, ಗೀರು ನೋಡಿ, ಮುಖದ ಕಡೆಗೆ ಎಳೆಯುವ ವ್ಯಾಯಾಮವೇ ಬೇಡ. ಬೆವರು ಹತ್ತಿದ್ದನ್ನು ಸೋಪು ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಸ್ವಲ್ಪ ಟಾಲ್ಕಂ ಪೌಡರ್ ಸವರಿಡಿ. ಇಲ್ಲವಾದರೆ ಮಳೆಗಾಲದಲ್ಲಿ ತನಗೆ ತಾನೇ ಅಂಟಿಕೊಳ್ಳುತ್ತದೆ. ಬಿಸಿಲಿಗೆ ಕಾದ ಕಾರಿನಲ್ಲಿ ಬಿಡಬೇಡಿ. ಇದು ನೈಸರ್ಗಿಕ ರಬ್ಬರ್, ಬಲೂನು ಊದಿದರೆ ತುಟಿ ತುರಿಸುವವರು ಲೇಟೆಕ್ಸ್ ಇಲ್ಲದ ಮಾದರಿಯನ್ನೇ ಕೇಳಿ ಪಡೆಯಬೇಕು.