ಪಾಲಿಹೌಸ್‌ಗೆ ‘ಹೊಸ ಮಣ್ಣು’ ಇಳಿಸಿಕೊಳ್ಳುವ ಮುಂಚೆ ಇದನ್ನು ಓದಿ

ಪಾಲಿಹೌಸ್ ಕಟ್ಟಿಸಿ ಸೌತೆ ಬಳ್ಳಿ ಹಬ್ಬಿಸಲು ಹೊರಟವರು ಶೀಟು, ಪೈಪು, ಡ್ರಿಪ್ ಬಗ್ಗೆ ಹತ್ತು ಕಡೆ ವಿಚಾರಿಸುತ್ತಾರೆ. ಮಡಿಗೆ ಹಾಕುವ ಮಣ್ಣು ಯಾರ ಹೊಲದ್ದು ಅಂತ ಕೇಳುವವರು ಕಡಿಮೆ. ನಾವು ಕೇಳಿದೆವು, ಸುಳ್ಳು ಉತ್ತರ ಸಿಕ್ಕಿತು.

ನಮ್ಮದು ಕೋಲಾರದ ಕಡೆ, 10 ಗುಂಟೆಯ ಪಾಲಿಹೌಸ್. ಮಡಿ ಏರಿಸಲು ಕೆಮ್ಮಣ್ಣು ಬೇಕಿತ್ತು. ಕಟ್ಟಿದ ಗುತ್ತಿಗೆದಾರನೇ ಮಣ್ಣಿನ ವ್ಯಾಪಾರಿಯೊಬ್ಬನನ್ನು ಕರೆತಂದ. ‘ಗುಡ್ಡದ ಪಕ್ಕದ್ದು ಅಣ್ಣಾ, ನೇಗಿಲು ಕಂಡಿಲ್ಲ’ ಅಂದ ವ್ಯಾಪಾರಿ. ಮಣ್ಣು ಪರೀಕ್ಷೆಗೂ ಕೊಟ್ಟೆವು. ವರದಿ ಚೆನ್ನಾಗಿಯೇ ಬಂತು. ಆದರೆ ಮಾಮೂಲಿ ವರದಿಯಲ್ಲಿ ಇರುವುದು ರಸಸಾರ, ಲವಣಾಂಶ, ಪೋಷಕಾಂಶ ಅಷ್ಟೇ. ಮಣ್ಣಲ್ಲಿ ಜಂತುಹುಳು, ಅಂದರೆ ಬೇರಿಗೆ ಹೊಕ್ಕುವ, ಕಣ್ಣಿಗೆ ಕಾಣದಷ್ಟು ಸಣ್ಣ ನೆಮಟೋಡ್, ಇದೆಯಾ ಅನ್ನುವುದು ಬೇರೆಯೇ ಪರೀಕ್ಷೆ. ಬಾಯಿಬಿಟ್ಟು ಕೇಳಿದರೆ ಮಾತ್ರ ಮಾಡುತ್ತಾರೆ. ಇದನ್ನು ನಮಗೆ ಯಾರೂ ಹೇಳಲಿಲ್ಲ.

ಹಾಕಿದ್ದು ಬೀಜವಿಲ್ಲದ ಸೌತೆ. ಇದಕ್ಕೆ ಜೇನುಹುಳು ಬೇಡ, ಪರಾಗಸ್ಪರ್ಶ ಇಲ್ಲದೆಯೇ ಕಾಯಿ ಕಟ್ಟುತ್ತದೆ. ಹಾಗಾಗಿ ಬಲೆ ಮುಚ್ಚಿದ ಪಾಲಿಹೌಸ್‌ಗೆ ಸರಿಹೋಗುತ್ತದೆ. ಮೇಲಿನ ತಂತಿಯಿಂದ ದಾರ ಇಳಿಬಿಟ್ಟು ಬಳ್ಳಿ ಸುತ್ತಿಸಿದೆವು. ಮೊದಲ ಕೊಯ್ಲು ಕಣ್ಣಿಗೆ ಹಬ್ಬದ ಹಾಗಿತ್ತು.

ಆಮೇಲೆ ಶುರುವಾಯಿತು ನೋಡಿ. ಮಧ್ಯಾಹ್ನ ಒಂದು ಮೂಲೆಯ ಬಳ್ಳಿಗಳು ಜೋತುಬೀಳುತ್ತಿದ್ದವು, ಸಂಜೆಗೆ ಮತ್ತೆ ನೆಟ್ಟಗಾಗುತ್ತಿದ್ದವು. ಗೊಬ್ಬರದಂಗಡಿಯವರು ನೀರು ಸಾಲದು ಅಂದರು. ನೀರು ಜಾಸ್ತಿ ಮಾಡಿದರೂ ಹಾಗೆಯೇ. ಆಮೇಲೆ ಟಾನಿಕ್, ಅದಾದ ಮೇಲೆ ಇನ್ನೊಂದು ಟಾನಿಕ್. ಎಲೆ ಹಳದಿಯಾಯಿತು, ಕಾಯಿ ಸೊಟ್ಟಗಾಯಿತು, ಮೂಲೆಯಲ್ಲಿದ್ದದ್ದು ಅರ್ಧ ಪಾಲಿಹೌಸ್‌ಗೆ ಹರಡಿತು. ಬಾಟಲಿ ಮಾರಿದವರು ಯಾರೂ ಒಂದು ಗಿಡ ಕಿತ್ತು ನೋಡಲಿಲ್ಲ. ಕೃಷಿ ವಿಜ್ಞಾನ ಕೇಂದ್ರದಿಂದ ಬಂದವರು ಮೊದಲು ಮಾಡಿದ್ದೇ ಅದು. ಗಿಡ ಅಗೆದು ಬಕೆಟ್ ನೀರಲ್ಲಿ ಬೇರು ತೊಳೆದರು. ಬೇರಿನ ತುಂಬ ಗಂಟು. ಬೇರುಗಂಟು ಜಂತುಹುಳು ಅಂದರು.

ಕಡಲೆಕಾಯಿ ಬೇರಲ್ಲೂ ಗಂಟು ಇರುತ್ತದಲ್ವಾ ಅನ್ನಬಹುದು. ಆ ಗಂಟು ಒಳ್ಳೆಯದು, ಬೇರಿಗೆ ಪಕ್ಕದಲ್ಲಿ ಅಂಟಿಕೊಂಡಿರುತ್ತದೆ, ಉಜ್ಜಿದರೆ ಕಳಚುತ್ತದೆ. ಇದು ಹಾಗಲ್ಲ, ಇಲ್ಲಿ ಬೇರು ತಾನೇ ಊದಿಕೊಂಡಿರುತ್ತದೆ. ಒಳಗೆ ಕೂತ ಹೆಣ್ಣು ಹುಳು ನೂರಾರು ಮೊಟ್ಟೆ ಇಡುತ್ತದೆ. ಬೆಚ್ಚಗಿನ ಮಣ್ಣಲ್ಲಿ ಸುಮಾರು ಒಂದು ತಿಂಗಳಿಗೆ ಒಂದು ಪೀಳಿಗೆ. ಬಯಲು ಹೊಲದಲ್ಲಿ ಬೇಸಿಗೆಗೆ ಆಳವಾಗಿ ಉಳುಮೆ ಮಾಡಿ ಒಣಗಲು ಬಿಟ್ಟರೆ ಹುಳು ತಕ್ಕಮಟ್ಟಿಗೆ ಸಾಯುತ್ತದೆ. ಪಾಲಿಹೌಸ್‌ನಲ್ಲಿ ವರ್ಷವಿಡೀ ಬಿಸಿ, ವರ್ಷವಿಡೀ ತೇವ. ಅದಕ್ಕೆ ಇನ್ನೇನು ಬೇಕು? ಸೌತೆ ತೆಗೆದು ಟೊಮೆಟೊ, ದಪ್ಪ ಮೆಣಸಿನಕಾಯಿ ಹಾಕೋಣ ಅಂದರೆ ಅವೂ ಇದೇ ಹುಳುವಿನ ಊಟ.

ಮಣ್ಣಿನ ಮೂಲ ಗೊತ್ತಾಗಿದ್ದು ಟಿಪ್ಪರ್ ಡ್ರೈವರ್‌ನಿಂದ. ಗುಡ್ಡವೂ ಇಲ್ಲ, ಏನೂ ಇಲ್ಲ. ವರ್ಷಗಟ್ಟಲೆ ಟೊಮೆಟೊ ಬೆಳೆದ ಹೊಲವೊಂದನ್ನು ಲೇಔಟ್‌ಗೆ ಸಮ ಮಾಡುವಾಗ ಕೆರೆದ ಮಣ್ಣು ಅದು. ವ್ಯಾಪಾರಿಯನ್ನು ಕೇಳಿದರೆ ‘ನಾನೇನು ಮಣ್ಣೊಳಗೆ ಇಳಿದು ನೋಡಿದ್ನಾ?’ ಅಂದ. ಗುತ್ತಿಗೆದಾರ ಫೋನ್ ಎತ್ತುವುದನ್ನೇ ಬಿಟ್ಟ. ಬಿಲ್ಲಿನಲ್ಲಿ ‘ಕೆಂಪು ಮಣ್ಣು’ ಅಂತ ಮಾತ್ರ ಇತ್ತು. ನೀವು ತರಿಸುವುದಾದರೆ ಯಾವ ಊರು, ಯಾವ ಸರ್ವೆ ನಂಬರ್ ಅಂತ ಬರೆಸಿಕೊಳ್ಳಿ. ಬರೆದುಕೊಡಲು ತಕರಾರು ಮಾಡಿದರೆ ಆ ಲೋಡ್ ಬೇಡ.

ಇನ್ನೊಂದು ಪರೀಕ್ಷೆಗೆ ಖರ್ಚೇ ಇಲ್ಲ. ರಾಶಿಯ ನಾಲ್ಕೈದು ಕಡೆಯಿಂದ ಮಣ್ಣು ತೆಗೆದು ಕುಂಡಕ್ಕೆ ತುಂಬಿ, ಸೌತೆ ಇಲ್ಲವೇ ಟೊಮೆಟೊ ಬೀಜ ಹಾಕಿ. ಐದಾರು ವಾರ ಬಿಟ್ಟು ಕಿತ್ತು, ಬೇರು ತೊಳೆದು ನೋಡಿ. ಗಂಟು ಕಂಡರೆ ಮಣ್ಣು ವಾಪಸ್. ‘ಅಷ್ಟು ದಿನ ಯಾರು ಕಾಯ್ತಾರೆ?’ ಅಂತ ವ್ಯಾಪಾರಿ ಅವಸರ ಮಾಡುತ್ತಾನೆ, ಮಾಡಲಿ. ನರ್ಸರಿ ಸಸಿಯಲ್ಲೂ ಹುಳು ಬರಬಹುದು. ಟ್ರೇಯಿಂದ ಎರಡು ಮೂರು ಸಸಿ ಕಿತ್ತು ನೋಡದೆ ದುಡ್ಡು ಕೊಡಬೇಡಿ. ಗುದ್ದಲಿ, ಚಪ್ಪಲಿಗೆ ಮೆತ್ತಿದ ಮಣ್ಣಲ್ಲೂ ಬರುತ್ತದೆ.

ಹುಳು ಈಗಾಗಲೇ ಹೊಕ್ಕಿದ್ದರೆ ‘ಒಂದೇ ಡೋಸ್‌ಗೆ ಖಲಾಸ್’ ಅನ್ನುವವರ ಮಾತು ಕೇಳಬೇಡಿ. ಸೌತೆ ದಿನ ಬಿಟ್ಟು ದಿನ ಕೊಯ್ಯುವ ಬೆಳೆ. ಬುಡಕ್ಕೆ ವಿಷ ಸುರಿದು ಮಾರನೇ ದಿನ ಆ ಕಾಯಿಯನ್ನು ಮಾರುಕಟ್ಟೆಗೆ ಹೇಗೆ ಕಳಿಸುತ್ತೀರಿ?

ನಾವು ಬೆಳೆ ಕಿತ್ತೆವು. ಬೇರುಗಳನ್ನು ತಿಪ್ಪೆಗೆ ಹಾಕದೆ ಸುಟ್ಟೆವು. ಏಪ್ರಿಲ್ ಬಿಸಿಲಿಗೆ ಮಡಿ ನೆನೆಸಿ, ಪಾರದರ್ಶಕ ಶೀಟು ಬಿಗಿಯಾಗಿ ಹೊದಿಸಿ, ಪಾಲಿಹೌಸ್ ಮುಚ್ಚಿಬಿಟ್ಟೆವು. ಆರು ವಾರ ಹಾಗೇ ಇರಬೇಕು. ಮಲ್ಚಿಂಗ್‌ನ ಕಪ್ಪು ಶೀಟು ಇದಕ್ಕೆ ಆಗುವುದಿಲ್ಲ, ಹುಳು ಸಾಯುವಷ್ಟು ಮಣ್ಣು ಬಿಸಿಯಾಗುವುದಿಲ್ಲ. ಇಷ್ಟಾದರೂ ಸಾಯುವುದು ಮೇಲಿನ ಪದರದ ಹುಳು ಮಾತ್ರ, ಆಳದಲ್ಲಿದ್ದದ್ದು ಮತ್ತೆ ಮೇಲೆ ಬರುತ್ತದೆ. ಅದಕ್ಕೇ ಈಗ ಬೇವಿನ ಹಿಂಡಿಗೆ ಟ್ರೈಕೋಡರ್ಮಾ, ಪೆಸಿಲೋಮೈಸಿಸ್ ಎಂಬ ಉಪಕಾರಿ ಶಿಲೀಂಧ್ರಗಳನ್ನು ಬೆರೆಸಿ, ಮಡಿಗೆ ಹಾಕಲೆಂದು ನೆರಳಲ್ಲಿ ತೇವ ಆರದಂತೆ ಇಟ್ಟಿದ್ದೇವೆ. ಹುಳು ತಗ್ಗಿಸಲು ಮಡಿ ತುಂಬ ಒತ್ತಾಗಿ ಚೆಂಡು ಹೂ ಹಾಕುತ್ತೇವೆ. ಅಂಚಿಗೆ ಒಂದು ಸಾಲು ಹಾಕಿದರೆ ಫೋಟೋಗೆ ಚೆಂದ, ಹುಳುವಿಗೆ ಏನೂ ಆಗುವುದಿಲ್ಲ. ಸೌತೆ ಹಾಕುವುದು ಅದಾದ ಮೇಲೆಯೇ. ಅದಕ್ಕೂ ಮುಂಚೆ ಪ್ರತಿ ಮಡಿಯ ಮಣ್ಣಿಗೂ ಕುಂಡದ ಪರೀಕ್ಷೆ ಆಗಬೇಕು.